ಬೆಂಕಿಗೆ ಬಿದ್ದ ಆಯಸ್ಕಾಂತ

"ಇಕ್ಕಳ ತಾರೋ! ಬೇಗ ತಾ!"

ಬಚ್ಚಲೊಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ ಪುಷ್ಪ ಕೂಗಿದಳು. ಹೊಗೆಗೆ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹಂಡೆಯ ಕೆಳಗೆ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಆ ಕೆಂಡದ ನಡುವೆ ಬೆರಳುದ್ದದ ಒಂದು ಕಬ್ಬಿಣದ ಪಟ್ಟಿ, ಕೆಂಡದಷ್ಟೇ ಕೆಂಪಾಗಿ ಮಲಗಿತ್ತು.

ಅವಳ ತಮ್ಮ ಭೂತಪ್ಪ ಇಕ್ಕಳವನ್ನು ಎರಡೂ ಕೈಯಲ್ಲಿ ಹಿಡಿದು ಓಡಿ ಬಂದ. ಅವನಿಗಿನ್ನೂ ನಾಲ್ಕು ವರ್ಷ. ಅಕ್ಕ ಯಾಕೆ ಅಳುತ್ತಿದ್ದಾಳೆ, ಹೊಗೆಗೋ ಬೇರೆ ಏನಕ್ಕೋ ಅಂತ ಅವನಿಗೆ ತಿಳಿಯಲಿಲ್ಲ.

"ಎಂತಕ್ಕೆ ಹಾಕ್ದೆ ಅದನ್ನ ಒಲೆಗೆ?"

"ಅದಕ್ಕೆ ಚಳಿ ಆಗ್ತಿತ್ತು," ಅಂದ ಭೂತಪ್ಪ. "ಮುಟ್ಟಿ ನೋಡ್ದೆ. ತಣ್ಣಗಿತ್ತು ಅಕ್ಕಾ."

ಪುಷ್ಪ ಪಟ್ಟಿಯನ್ನು ಇಕ್ಕಳದಲ್ಲಿ ಎಳೆದು ಬಚ್ಚಲ ಕಲ್ಲಿನ ಮೇಲೆ ಹಾಕಿ ಒಂದು ಚೆಂಬು ನೀರು ಸುರಿದಳು. ಚುಂಯ್ ಅಂತ ಆವಿ ಎದ್ದಿತು. ಕೆಂಪು ಹೋಗಿ ಕಪ್ಪಾಯಿತು. ಪಟ್ಟಿಗೆ ಬಳಿದಿದ್ದ ಬಣ್ಣವೆಲ್ಲ ಸುಟ್ಟು ಹೋಗಿತ್ತು. ಒಂದು ತುದಿಯಲ್ಲಿ ಉಳಿಯಿಂದ ಕೊರೆದಿದ್ದ 'ಉ' ಅನ್ನುವ ಅಕ್ಷರ ಮಾತ್ರ ಉಳಿದಿತ್ತು.

ಅವಳು ಅಮ್ಮನ ಹೊಲಿಗೆ ಡಬ್ಬಿ ತಂದು ಗುಂಡುಪಿನ್ನುಗಳನ್ನು ನೆಲಕ್ಕೆ ಸುರಿದಳು. ಪಟ್ಟಿಯನ್ನು ಅವುಗಳ ಮೇಲೆ ಹಿಡಿದಳು. ಮಧ್ಯಾಹ್ನವಷ್ಟೇ ಗುಂಡುಪಿನ್ನುಗಳು ಇರುವೆಗಳ ಹಾಗೆ ಹಾರಿ ಹಾರಿ ಅದಕ್ಕೆ ಅಂಟಿಕೊಂಡಿದ್ದವು. ಈಗ ಒಂದೂ ಅಲುಗಲಿಲ್ಲ. ಪಟ್ಟಿಯಿಂದ ಒತ್ತಿ ಎತ್ತಿದಳು. ಆಗಲೂ ಎಲ್ಲ ಅಲ್ಲೇ ಬಿದ್ದಿದ್ದವು.

"ಸತ್ತು ಹೋಯ್ತು," ಅಂದಳು ಪುಷ್ಪ.

"ಮಲಗಿರ್ಬೋದು," ಅಂದ ಭೂತಪ್ಪ.

ಅದು ಅವರದ್ದಾಗಿದ್ದರೆ ಅಷ್ಟು ಸಂಕಟ ಆಗುತ್ತಿರಲಿಲ್ಲ. ಆ ಆಯಸ್ಕಾಂತ ಚಂದ್ರಮತಿಯದು.

ಸಾಗರದಲ್ಲಿ ಆಗ ಹೊಗೆ ಬಿಡುವ ರೈಲು ಓಡುತ್ತಿತ್ತು. ಶಿವಮೊಗ್ಗೆಯಲ್ಲಿ ಹೊರಟ ಗಾಡಿ ಆನಂದಪುರ ದಾಟಿ, ಕಾಡೊಳಗಿಂದ ಕೂಗುತ್ತ ಬಂದು, ಸಾಗರದಲ್ಲಿ ದಣಿವಾರಿಸಿಕೊಂಡು ತಾಳಗುಪ್ಪಕ್ಕೆ ಹೋಗುತ್ತಿತ್ತು. ಊರಿನವರು ಗಡಿಯಾರಕ್ಕಿಂತ ಅದರ ಕೂಗನ್ನೇ ಹೆಚ್ಚು ನಂಬುತ್ತಿದ್ದರು. ಗಾಡಿ ಕೂಗಿತು ಅಂದರೆ ಅನ್ನಕ್ಕೆ ಎಸರಿಡುತ್ತಿದ್ದರು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ವರ್ಷಗಳು ಅವು. ಪೇಟೆ ಬೀದಿಯ ಅಂಗಡಿಗಳಲ್ಲಿ ಕರೆಂಟು ದೀಪ ಉರಿಯುತ್ತಿತ್ತು. ರೈಲ್ವೆ ಲೈನಿನ ಪಕ್ಕದ ಪುಷ್ಪಳ ಮನೆಯಲ್ಲಿ ಇನ್ನೂ ಲಾಟೀನು.

ಪುಷ್ಪಳ ಅಪ್ಪ ಜಟ್ಟಿಂಗಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಉದ್ದ ಹಿಡಿಯ ಸುತ್ತಿಗೆ ಹೆಗಲಿಗೇರಿಸಿಕೊಂಡು ಹಳಿಯ ಗುಂಟ ನಡೆಯುವುದು, ಸಡಿಲಾದದ್ದನ್ನು ಹೊಡೆದು ಬಿಗಿ ಮಾಡುವುದು ಅವರ ಕೆಲಸ. ಚಂದ್ರಮತಿಯ ಅಪ್ಪನಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಒಬ್ಬಳು ಲೈನಿನ ಹುಡುಗಿ, ಒಬ್ಬಳು ಪೇಟೆಯ ಹುಡುಗಿ. ಆದರೆ ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೂ ಇಬ್ಬರದೂ ಒಂದೇ ಮಣೆ, ಪಕ್ಕ ಪಕ್ಕದ ಜಾಗ.

ಆಯಸ್ಕಾಂತ ಚಂದ್ರಮತಿಯ ಅಜ್ಜನದು. ಹುಂಚದಲ್ಲಿ ಅವರಿಗೊಂದು ಚಿಕ್ಕ ಅಂಗಡಿ ಇತ್ತು. ನೆಲಕ್ಕೆ ಚೆಲ್ಲಿದ ಮೊಳೆಗಳನ್ನು ಹೆಕ್ಕುವುದಕ್ಕೆ ಅದನ್ನು ಇಟ್ಟುಕೊಂಡಿದ್ದರು. ದಾರ ಕಟ್ಟಿ ತೂಗುಬಿಟ್ಟರೆ ಯಾವ ತುದಿ ಉತ್ತರಕ್ಕೆ ನಿಲ್ಲುತ್ತದೋ ಆ ತುದಿಗೆ ಅವರೇ 'ಉ' ಅಂತ ಕೊರೆದಿದ್ದರು. ಚಂದ್ರಮತಿ ರಜೆಗೆ ಹೋದಾಗೆಲ್ಲ ಅಜ್ಜ ಅಂಗಡಿಯ ಬೀಗದ ಕೈ ಗೊಂಚಲನ್ನೇ ಅದರಿಂದ ಎತ್ತಿ ತೋರಿಸುತ್ತಿದ್ದರಂತೆ. ಹೋದ ವರ್ಷ ಅಜ್ಜ ತೀರಿಕೊಂಡರು. ಆಮೇಲೆ ಅದು ಅವಳ ಪಾಟಿಚೀಲ ಸೇರಿತು. ಯಾರು ಕೇಳಿದರೂ ಕೊಡುತ್ತಿರಲಿಲ್ಲ. ಪುಷ್ಪಳಿಗೆ ಮಾತ್ರ ಕೊಟ್ಟಿದ್ದಳು.

"ಒಂದೇ ದಿನ ಕಣೆ. ಸೋಮವಾರ ತಂದುಬಿಡು," ಅಂದಿದ್ದಳು.

ಸೋಮವಾರ ಚಂದ್ರಮತಿ ಕೇಳಿದಾಗ ಪುಷ್ಪ ಚೀಲದೊಳಗೆ ಕೈ ಹಾಕಿ ಹುಡುಕಿದ ಹಾಗೆ ಮಾಡಿದಳು.

"ಅಯ್ಯೋ, ಮರ್ತೆ ಕಣೆ. ನಾಳೆ ತರ್ತೀನಿ."

"ನಿಜ ತಾನೆ?"

"ದೇವ್ರಾಣೆ."

ಹಾಗಂದ ಮೇಲೆ ಅವಳಿಗೆ ಪಾಠ ಕಿವಿಗೆ ಬೀಳಲಿಲ್ಲ. ಅವತ್ತು ಶಾಂತಿರಾಜ ಮೇಷ್ಟ್ರು ದಿಕ್ಸೂಚಿ ತಂದಿದ್ದರು. ಗಾಜಿನ ಮುಚ್ಚಳದ ಪುಟ್ಟ ಡಬ್ಬಿ, ಒಳಗೆ ಉತ್ತರಕ್ಕೆ ಮುಖ ಮಾಡಿ ನಡುಗುವ ಮುಳ್ಳು. ಅದರ ಮೇಲೆ ಒಂದು ತಾಮ್ರದ ತಂತಿ ಹಿಡಿದು, ತಂತಿಯ ಎರಡು ತುದಿಗಳನ್ನು ಟಾರ್ಚಿನ ಸೆಲ್ಲಿಗೆ ಮುಟ್ಟಿಸಿದರು. ಮುಳ್ಳು ಗಿರಕ್ಕನೆ ಪಕ್ಕಕ್ಕೆ ತಿರುಗಿತು. ಮಕ್ಕಳೆಲ್ಲ "ಹೋ" ಅಂದರು.

"ತಾಮ್ರಕ್ಕೆ ಆಯಸ್ಕಾಂತ ಅಂಟಲ್ಲ. ಆದರೂ ಮುಳ್ಳು ತಿರುಗ್ತು. ಯಾಕೆ?" ಅಂದರು ಮೇಷ್ಟ್ರು. "ತಂತಿಯಲ್ಲಿ ಕರೆಂಟು ಹರಿಯುವಾಗ ಅದರ ಸುತ್ತ ಆಯಸ್ಕಾಂತದ ಗುಣ ಹುಟ್ಟುತ್ತೆ. ನಮ್ಮ ಕಣ್ಣಿಗೆ ಕಾಣಲ್ಲ. ಮುಳ್ಳಿಗೆ ಗೊತ್ತಾಗುತ್ತೆ."

ಪುಷ್ಪ ನೋಡಿದಳು, ಆದರೆ ನೋಡಲಿಲ್ಲ. ಅವಳ ಕಣ್ಣ ಮುಂದೆ ಇದ್ದದ್ದು ಬಚ್ಚಲೊಲೆ.

ಆಟಕ್ಕೆ ಬಿಟ್ಟಾಗ ಹಿಂದಿನ ಸಾಲಿನ ಕನ್ನಪ್ಪ ಚಡ್ಡಿ ಜೇಬಿನಿಂದ ಒಂದು ಚಪ್ಪಟೆ ಮೊಳೆ ತೆಗೆದು ತೋರಿಸುತ್ತಿದ್ದ. ನಾಲ್ಕಾರು ಹುಡುಗರು ಅವನ ಸುತ್ತ ಮುಗಿಬಿದ್ದಿದ್ದರು.

"ರೈಲು ಹಳಿ ಮೇಲೆ ಇಟ್ಟಿದ್ದೆ. ಗಾಡಿ ಹೋದ ಮೇಲೆ ಹಿಂಗಾಗಿದೆ. ಇದು ಈಗ ಆಯಸ್ಕಾಂತ, ಗೊತ್ತಾ?"

"ಸುಳ್ಳು!"

"ಸುಳ್ಳಲ್ಲ. ಎಂಜಿನ್ನಿನ ಪವರೆಲ್ಲ ಇದಕ್ಕೆ ಇಳಿಯುತ್ತೆ. ನಮ್ಮ ಅಣ್ಣನೇ ಹೇಳಿದ್ದು."

"ಎಲ್ಲಿ, ಪಿನ್ನು ಎತ್ತಿ ತೋರ್ಸು."

"ಈಗ ಬಿಸಿ ಆರಿದೆ. ಬಿಸೀಲಿ ಎತ್ತುತ್ತಿತ್ತು," ಅಂದು ಕನ್ನಪ್ಪ ಮೊಳೆಯನ್ನು ಜೇಬಿಗೆ ಹಾಕಿಕೊಂಡ.

ಬೇರೆ ದಿನವಾಗಿದ್ದರೆ ಪುಷ್ಪ ನಕ್ಕುಬಿಡುತ್ತಿದ್ದಳು. ಅವತ್ತು ನಗು ಬರಲಿಲ್ಲ. ಎಂಜಿನ್ನಿನ ಪವರು ಅನ್ನುವ ಮಾತು ತಲೆಯೊಳಗೆ ಕೂತುಬಿಟ್ಟಿತು.

ಹಳಿಯ ಮೇಲೆ ಒಂದು ಕಡ್ಡಿಯನ್ನೂ ಇಡಬಾರದು ಅಂತ ಅವಳಿಗೆ ಗೊತ್ತಿತ್ತು. ಲೈನಿನ ಪಕ್ಕ ಹುಟ್ಟಿದ ಮಕ್ಕಳಿಗೆ ಅಮ್ಮ ಅನ್ನುವುದಕ್ಕೆ ಮುಂಚೆಯೇ ಅದನ್ನು ಹೇಳಿಕೊಡುತ್ತಾರೆ. ಆದರೂ ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಮನೆಗೆ ಹೋಗಲಿಲ್ಲ. ರೈಲ್ವೆ ಗೇಟಿನಿಂದ ಆಚೆ, ಲೈನು ತಿರುಗುವ ಕಡೆ ಹೋದಳು. ಅಲ್ಲಿ ಯಾರೂ ಇರಲಿಲ್ಲ. ಚೀಲದಿಂದ ಪಟ್ಟಿ ತೆಗೆದು ಹಳಿಯ ಮೇಲಿಟ್ಟಳು. ಅದು ಜಾರದ ಹಾಗೆ ಬೆರಳಿಂದ ನೇರ ಮಾಡಿದಳು. ಆಮೇಲೆ ಓಡಿ ಹೋಗಿ ಲಂಟಾನದ ಪೊದೆಯ ಹಿಂದೆ ಕೂತಳು.

ದೂರದಲ್ಲಿ ಗಾಡಿ ಕೂಗಿತು.

ಅಷ್ಟರಲ್ಲಿ ತಿರುವಿನ ಆ ಕಡೆಯಿಂದ ಅಪ್ಪ ಬರುತ್ತಿರುವುದು ಕಂಡಿತು. ಹೆಗಲ ಮೇಲೆ ಸುತ್ತಿಗೆ, ಕಂಕುಳಲ್ಲಿ ಸುತ್ತಿದ ಬಾವುಟ. ಗಾಡಿ ಬರುವ ಹೊತ್ತೆಂದು ಹಳಿ ಬಿಟ್ಟು ಪಕ್ಕಕ್ಕೆ ಇಳಿದವರು ತಟ್ಟನೆ ನಿಂತರು. ಮತ್ತೆ ಹಳಿ ಹತ್ತಿದರು. ಬಗ್ಗಿದರು.

ಎಂಜಿನ್ನಿನ ಹೊಗೆ ಮರಗಳ ಮೇಲೆ ಕಾಣುತ್ತಿತ್ತು. ನೆಲ ನಡುಗುತ್ತಿತ್ತು. ಅಪ್ಪ ಏನನ್ನೋ ಹೆಕ್ಕಿಕೊಂಡರು. ಹಳಿಯ ಮೇಲೆ ಅಂಗೈ ಸವರಿ ಇನ್ನೇನೂ ಇಲ್ಲ ಅಂತ ನೋಡಿದರು. ಎರಡೇ ಹೆಜ್ಜೆಗೆ ಕೆಳಗೆ ಹಾರಿದರು. ಹಸಿರು ಬಾವುಟ ಬಿಚ್ಚಿ ಎತ್ತಿ ಹಿಡಿಯುವುದಕ್ಕೂ ಕರೀ ಎಂಜಿನ್ನು ಧಡಧಡ ಅಂತ ಅವರ ಪಕ್ಕದಲ್ಲೇ ಹಾದು ಹೋಗುವುದಕ್ಕೂ ಸರಿಹೋಯಿತು.

ಗಾಡಿ ಹೋದ ಮೇಲೆ ಅಪ್ಪ ಬಾವುಟ ಇಳಿಸಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಕಲ್ಲುಗಳ ಮೇಲೆ ಕೂತುಬಿಟ್ಟರು. ಅಪ್ಪ ಕೆಲಸದ ನಡುವೆ ಕೂತದ್ದನ್ನು ಪುಷ್ಪ ಯಾವತ್ತೂ ನೋಡಿರಲಿಲ್ಲ.

ಮನೆಯಲ್ಲಿ ಅಮ್ಮ ಬೆಳ್ಳಮ್ಮ ಲಾಟೀನಿನ ಗಾಜು ಒರೆಸುತ್ತಿದ್ದಳು. ಅಪ್ಪ ಬಂದು ಜಗಲಿಯ ಮೇಲೆ ಪಟ್ಟಿಯನ್ನು ಇಟ್ಟರು.

"ಯಾರೋ ಹುಡುಗ್ರು ತಿರುವಿನಲ್ಲಿ ಹಳಿ ಮೇಲೆ ಇಟ್ಟಿದ್ರು. ನಾನು ಒಂದು ಗಳಿಗೆ ತಡ ಮಾಡಿದ್ರೆ ಎಂತ ಆಗ್ತಿತ್ತೋ."

"ಯಾರ ಮನೆ ಮಕ್ಕಳೋ, ಹೇಳೋರು ಕೇಳೋರು ಇಲ್ದೆ ಬೆಳೆದವ್ರು," ಅಂದಳು ಅಮ್ಮ.

"ಅಕ್ಕನ ಆಯಸ್ಕಾಂತ!" ಅಂತ ಭೂತಪ್ಪ ಕುಣಿದ. "ಅಪ್ಪಾ, ಅದು ಮಲಗಿದೆ. ನಾನು ಬೆಚ್ಚಗೆ ಮಾಡಿದ್ದೆ."

ಅಪ್ಪ ಪುಷ್ಪಳ ಕಡೆ ನೋಡಿದರು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಸುಳ್ಳು ಹೇಳಬೇಕು ಅಂತ ಬಾಯಿ ತೆರೆದಳು. ಬಂದದ್ದು ಅಳು. ಅಳುತ್ತ ಅಳುತ್ತ ಎಲ್ಲ ಹೇಳಿದಳು. ಒಲೆ, ಗುಂಡುಪಿನ್ನು, ಚಂದ್ರಮತಿ, ಕನ್ನಪ್ಪನ ಮೊಳೆ.

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೇ ವಾಸಿ ಇತ್ತು ಅನ್ನಿಸಿತು ಅವಳಿಗೆ. ಕೈಕಾಲು ತೊಳೆದು ಬಂದು, "ನಾಳೆ ಸ್ಟೇಷನ್ ಮಾಸ್ತರಿಗೆ ಹೇಳ್ಬೇಕು," ಅಂದರು.

ಅಮ್ಮ ಗಾಜು ಒರೆಸುವುದನ್ನು ನಿಲ್ಲಿಸಿದಳು. "ನಿಮ್ಗೇನು ತಲೆ ಕೆಟ್ಟಿದ್ಯಾ? ನಮ್ಮ ಮಗೂನೇ ಮಾಡಿದ್ದು ಅಂತ ಹೋಗಿ ಹೇಳ್ತೀರಾ? ಏನೂ ಆಗ್ಲಿಲ್ವಲ್ಲ. ಯಾರು ನೋಡಿದಾರೆ?"

"ನಾನು ನೋಡಿದೀನಲ್ಲ," ಅಂದರು ಅಪ್ಪ.

ಬೆಳಿಗ್ಗೆ ಪುಷ್ಪ ಕೇಳದೆಯೇ ಅಪ್ಪನ ಹಿಂದೆ ಹೊರಟಳು. ಅಪ್ಪ ಬೇಡ ಅನ್ನಲಿಲ್ಲ.

ಸ್ಟೇಷನ್ ಮಾಸ್ತರು ಮೈಸೂರು ಕಡೆಯವರು. ಬಿಳೀ ಕೋಟು, ಮೂಗಿನ ತುದಿಗೆ ಜಾರಿದ ಕನ್ನಡಕ. ಅಪ್ಪ ತಲೆಗೆ ಸುತ್ತಿದ್ದ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದು ಮೇಜಿನ ಮುಂದೆ ನಿಂತರು. ನಡೆದದ್ದನ್ನು ಹೇಳಿದರು. ಒಂದು ಮಾತನ್ನೂ ಕಡಿಮೆ ಮಾಡಲಿಲ್ಲ.

"ಏನಯ್ಯಾ ಜಟ್ಟಿಂಗಪ್ಪ! ಲೈನು ಕಾಯೋನ ಮನೇಲೇ ಹಿಂಗಾದ್ರೆ?" ಮಾಸ್ತರ ದನಿ ಹೊರಗಿನ ಪ್ಲಾಟ್‌ಫಾರ್ಮಿಗೂ ಕೇಳಿಸುವಷ್ಟು ಏರಿತು. "ಮೇಲಕ್ಕೆ ಬರೆದು ಕಳಿಸಿದ್ರೆ ನಿನ್ನ ಗತಿ ಏನಾಗುತ್ತೆ ಗೊತ್ತಾ?"

"ಗೊತ್ತು ಸಾರ್. ಬರೀರಿ. ಹೇಳ್ದೇ ಬಚ್ಚಿಟ್ಕೊಂಡ್ರೆ ನಾಳೆ ಆ ಹಳಿ ಮೇಲೆ ನಡೆಯೋಕೆ ನಂಗೆ ಕಾಲು ಬರೋಲ್ಲ."

ಪುಷ್ಪ ಅಪ್ಪನ ಕೈಯಲ್ಲಿದ್ದ ಟವೆಲ್ಲನ್ನೇ ನೋಡುತ್ತಿದ್ದಳು. ಅಪ್ಪ ಅದನ್ನು ಹಿಂಡಿ ಹಿಂಡಿ ಹಗ್ಗದ ಹಾಗೆ ಮಾಡಿದ್ದರು.

"ನೀನ್ಯಾಕಮ್ಮ ಇಟ್ಟೆ?" ಮಾಸ್ತರು ಅವಳ ಕಡೆ ತಿರುಗಿದರು.

"ಆಯಸ್ಕಾಂತಕ್ಕೆ ಜೀವ ಬರ್ಲಿ ಅಂತ," ಅಂದಳು ಪುಷ್ಪ. ದನಿ ಅವಳಿಗೇ ಕೇಳಿಸಲಿಲ್ಲ.

ಮಾಸ್ತರು ಇನ್ನೇನೋ ಕೇಳುವಷ್ಟರಲ್ಲಿ ಗೋಡೆಯ ಪಕ್ಕದ ಯಂತ್ರ ಟಿಣ್ ಟಿಣ್ ಅಂತ ಬಡಿದುಕೊಂಡಿತು. ಪಕ್ಕದ ಸ್ಟೇಷನ್ನಿನವರು ಗಾಡಿ ಕಳಿಸಲೇ ಅಂತ ಕೇಳುವ ಯಂತ್ರ ಅದು. ಅದರ ಮುಖದ ಮೇಲೆ ಒಂದು ಗಾಜು, ಗಾಜಿನೊಳಗೆ ನೇರ ನಿಂತ ಒಂದು ಮುಳ್ಳು. ಗಂಟೆ ಬಡಿದಾಗೆಲ್ಲ ಆ ಮುಳ್ಳು ಪಕ್ಕಕ್ಕೆ ವಾಲಿ ಮತ್ತೆ ನೆಟ್ಟಗಾಗುತ್ತಿತ್ತು. ಮಾಸ್ತರು ಎದ್ದು ಹೋಗಿ ಒಂದು ಗುಂಡಿ ಒತ್ತಿದರು. ಮುಳ್ಳು ಈ ಬಾರಿ ಇನ್ನೊಂದು ಕಡೆಗೆ ವಾಲಿತು.

ಪುಷ್ಪ ಭಯ ಮರೆತಳು.

"ಸಾರ್, ಅದರೊಳಗೆ ಏನಿದೆ?"

"ಏನಿರುತ್ತೆ? ತಂತಿ ಸುರುಳಿ. ಆ ಕಡೆಯಿಂದ ಕರೆಂಟು ಬಂದ್ರೆ ಹಿಂಗೆ ತಿರುಗುತ್ತೆ, ಈ ಕಡೆಯಿಂದ ಕಳಿಸಿದ್ರೆ ಹಂಗೆ." ಮಾಸ್ತರಿಗೆ ತಾವು ಬೈಯುತ್ತಿದ್ದದ್ದು ಆಮೇಲೆ ನೆನಪಾಯಿತು. ಕನ್ನಡಕ ಮೇಲೇರಿಸಿದರು. "ಜಟ್ಟಿಂಗಪ್ಪ, ಈ ಭಾನುವಾರ ನಿನಗೆ ರಜೆ ಇಲ್ಲ. ಕೆಲಸಕ್ಕೆ ಬಾ. ಇನ್ನೊಂದು ಸಲ ಇಂಥದ್ದು ಕಿವಿಗೆ ಬಿದ್ರೆ ನಾನು ಸುಮ್ನಿರಲ್ಲ. ಹೋಗು."

ಆ ಭಾನುವಾರ ಅಪ್ಪ ಎಲ್ಲರನ್ನೂ ಇಕ್ಕೇರಿಗೆ ಕರೆದುಕೊಂಡು ಹೋಗುವವರಿದ್ದರು. ಅಮ್ಮ ಆಗಲೇ ಬುತ್ತಿಯ ಮಾತಾಡುತ್ತಿದ್ದಳು. ಪುಷ್ಪಳಿಗೆ ಅದು ನೆನಪಾದದ್ದು ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ. ಅಪ್ಪ ಟವೆಲ್ಲು ಕೊಡವಿ ಮತ್ತೆ ತಲೆಗೆ ಸುತ್ತಿಕೊಂಡರು. ಜೇಬಿನಿಂದ ಆಯಸ್ಕಾಂತ ತೆಗೆದು ಅವಳ ಕೈಯಲ್ಲಿಟ್ಟರು.

"ಇದು ಯಾರದ್ದೋ ಅವ್ರಿಗೆ ಕೊಡು. ನಂಗೆ ಹೇಳ್ದಂಗೇ ಅವಳಿಗೂ ಹೇಳು."

ಶಾಲೆಯಲ್ಲಿ ಪುಷ್ಪ ಎಲ್ಲ ಹೇಳುವಾಗ ಚಂದ್ರಮತಿ ಪಟ್ಟಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. ತಲೆಯ ಹೇರ್‌ಪಿನ್ನು ತೆಗೆದು ಅದಕ್ಕೆ ಮುಟ್ಟಿಸಿದಳು. ಹೇರ್‌ಪಿನ್ನು ನೆಲಕ್ಕೆ ಬಿತ್ತು.

"ನಿನ್ನೆ ದೇವ್ರಾಣೆ ಅಂದೆ."

ಪುಷ್ಪ ಬಿದ್ದ ಹೇರ್‌ಪಿನ್ನನ್ನು ಹೆಕ್ಕಿ ಮಣೆಯ ಮೇಲಿಟ್ಟಳು.

"ಬೇರೆ ಏನಾದ್ರೂ ಆಗಿದ್ರೆ ಪರವಾಗಿರ್ಲಿಲ್ಲ," ಅಂದಳು ಚಂದ್ರಮತಿ. "ಇದು ಅಜ್ಜಂದು. ನನ್ನ ಜೊತೆ ಮಾತಾಡ್ಬೇಡ. ಠೂ!"

ಕಿರುಬೆರಳು ತೋರಿಸಿ ಠೂ ಬಿಟ್ಟಳು. ಚೀಲ ಎತ್ತಿಕೊಂಡು ಹೋಗಿ ಬೇರೆ ಮಣೆಯ ಮೇಲೆ ಕೂತಳು. ಪುಷ್ಪಳ ಪಕ್ಕದ ಜಾಗ ಸಂಜೆಯವರೆಗೂ ಖಾಲಿ ಇತ್ತು. ಅವಳ ಕಣ್ಣು ಪುಸ್ತಕದ ಮೇಲಿದ್ದರೂ ತಲೆಯೊಳಗೆ ಸ್ಟೇಷನ್ನಿನ ಮುಳ್ಳು ಆ ಕಡೆ ಈ ಕಡೆ ವಾಲುತ್ತಿತ್ತು. ಮೇಷ್ಟ್ರ ದಿಕ್ಸೂಚಿಯ ಮುಳ್ಳೂ ಹೀಗೆಯೇ ತಿರುಗಿತ್ತಲ್ಲ. ತಂತಿಯ ಸುತ್ತ ಆಯಸ್ಕಾಂತದ ಗುಣ ಹುಟ್ಟುತ್ತದೆ ಅಂದಿದ್ದರಲ್ಲ. ಹಾಗಾದರೆ...

ಸಂಜೆ ಗಂಟೆ ಹೊಡೆದದ್ದೇ ಅವಳು ಶಾಂತಿರಾಜ ಮೇಷ್ಟ್ರ ಮುಂದೆ ಹೋಗಿ ನಿಂತಳು.

"ಸಾರ್, ಸತ್ತ ಆಯಸ್ಕಾಂತದ ಸುತ್ತ ತಂತಿ ಸುತ್ತಿ ಕರೆಂಟು ಬಿಟ್ರೆ, ಅದಕ್ಕೆ ಮತ್ತೆ ಜೀವ ಬರುತ್ತಾ?"

ಮೇಷ್ಟ್ರು ಸೀಮೆಸುಣ್ಣದ ಡಬ್ಬಿ ಮುಚ್ಚುತ್ತಿದ್ದವರು ತಲೆ ಎತ್ತಿದರು. "ಆಯಸ್ಕಾಂತ ಸಾಯೋದು ಹೇಗೆ?"

"ಬೆಂಕಿಗೆ ಬಿದ್ರೆ, ಸಾರ್."

ಅವರು ಗಲ್ಲ ಕೆರೆದುಕೊಂಡರು. "ಬರಬೇಕು. ಪುಸ್ತಕದಲ್ಲಿ ಓದಿದೀನಿ. ಮಾಡಿ ನೋಡಿಲ್ಲ. ಎಲ್ಲಿದೆ ಅದು?"

ಅದು ಚಂದ್ರಮತಿಯ ಹತ್ತಿರ ಇತ್ತು. ಅವಳು ಬಾಗಿಲ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಳು. ಮೇಷ್ಟ್ರು ಕರೆದರು. ಅವಳು ಬಂದಳು. ಪುಷ್ಪಳ ಕಡೆ ನೋಡದೆ ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

ಪಟ್ಟಿಗೆ ಮೇಷ್ಟ್ರು ಒಂದು ಕಾಗದ ಸುತ್ತಿದರು. ದಾರ ಹೊದಿಸಿದ ತಾಮ್ರದ ತಂತಿಯ ಉಂಡೆ ಕೊಟ್ಟು, "ಪುಷ್ಪ, ನೀನು ಸುತ್ತು. ಒಂದರ ಪಕ್ಕ ಒಂದು, ಒತ್ತಾಗಿ. ಎಲ್ಲ ಒಂದೇ ಕಡೆಗೆ. ಚಂದ್ರಮತಿ, ನೀನು ಪಟ್ಟಿ ಹಿಡಕೋ," ಅಂದರು.

ಒಬ್ಬಳು ಹಿಡಿದಳು, ಒಬ್ಬಳು ಸುತ್ತಿದಳು. ಮಾತಿಲ್ಲ. ಪುಷ್ಪಳ ಬೆರಳು ಚಂದ್ರಮತಿಯ ಬೆರಳಿಗೆ ತಾಗಿದಾಗೆಲ್ಲ ಇಬ್ಬರೂ ಬೇರೆ ಕಡೆ ನೋಡುತ್ತಿದ್ದರು.

"ಕಬ್ಬಿಣದ ಒಳಗೆ ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಆಯಸ್ಕಾಂತಗಳು ಇರ್ತವೆ," ಅಂದರು ಮೇಷ್ಟ್ರು, ಸೆಲ್ಲುಗಳನ್ನು ಒಂದರ ಹಿಂದೆ ಒಂದು ಜೋಡಿಸುತ್ತ. "ಬೆಳಿಗ್ಗೆ ಪ್ರಾರ್ಥನೆಗೆ ನೀವೆಲ್ಲ ಒಂದೇ ಕಡೆ ಮುಖ ಮಾಡಿ ಸಾಲಾಗಿ ನಿಲ್ತೀರಲ್ಲ, ಹಾಗೆ ನಿಂತಾಗ ಅದು ಆಯಸ್ಕಾಂತ. ಬೆಂಕಿಗೆ ಹಾಕಿದ್ರೆ ಸಾಲು ಕೆಡುತ್ತೆ. ಶಾಲೆ ಬಿಟ್ಟ ಹಾಗೆ! ಯಾರು ಯಾವ ಕಡೆ ಓಡ್ತಾರೋ ಗೊತ್ತಿಲ್ಲ. ಎಲ್ಲರೂ ಅಲ್ಲೇ ಇರ್ತಾರೆ, ಆದ್ರೆ ಸಾಲು ಇಲ್ಲ."

"ಈಗ ಕರೆಂಟು ಬಂದು ಸಾಲು ಮಾಡಿಸುತ್ತಾ?" ಅಂತ ಚಂದ್ರಮತಿ ಮೆಲ್ಲಗೆ ಕೇಳಿದಳು.

"ನೋಡೋಣ."

ತಂತಿಯ ತುದಿಗಳನ್ನು ಸೆಲ್ಲಿಗೆ ಮುಟ್ಟಿಸಿ ಮೇಷ್ಟ್ರು ರೂಲುದೊಣ್ಣೆಯಿಂದ ಪಟ್ಟಿಯ ತುದಿಗೆ ಟಕ್ ಟಕ್ ಅಂತ ತಟ್ಟಿದರು. ಹಾಗೆ ತಟ್ಟಿದರೆ ಸಾಲಿಗೆ ಬರುವುದು ಸುಲಭವಂತೆ. ತಂತಿ ಬೆಚ್ಚಗಾಯಿತು. ಅದನ್ನು ಸೆಲ್ಲಿನಿಂದ ಬಿಡಿಸಿ, ಪಟ್ಟಿಯನ್ನು ಸುರುಳಿಯಿಂದ ಹೊರಕ್ಕೆ ಎಳೆದು ಗುಂಡುಪಿನ್ನಿನ ಹತ್ತಿರ ತಂದರು.

ಏನೂ ಆಗಲಿಲ್ಲ.

ಪುಷ್ಪಳ ಕಣ್ಣು ಮಂಜಾಯಿತು. ಚಂದ್ರಮತಿ ಚೀಲ ಹೆಗಲಿಗೇರಿಸಿಕೊಂಡಳು.

"ಇರ್ರಮ್ಮ," ಅಂದರು ಮೇಷ್ಟ್ರು. ಬೀರುವಿನಿಂದ ಸ್ಕೂಲಿನ ದೊಡ್ಡ ಟಾರ್ಚು ತಂದು ಅದರ ಸೆಲ್ಲುಗಳನ್ನೂ ತೆಗೆದು ಸಾಲಿಗೆ ಸೇರಿಸಿದರು. "ಇನ್ನೂ ಎರಡು ಪದರ ಸುತ್ತಿ."

ಮತ್ತೆ ಒಬ್ಬಳು ಹಿಡಿದಳು, ಒಬ್ಬಳು ಸುತ್ತಿದಳು. ಮತ್ತೆ ಟಕ್ ಟಕ್. ಈ ಬಾರಿ ಪಟ್ಟಿಯನ್ನು ಹೊರಗೆ ತೆಗೆದಾಗ ಒಂದು ಗುಂಡುಪಿನ್ನು ತಲೆ ಎತ್ತಿತು. ನಡುಗಿತು. ಹಾರಿ ಅಂಟಿಕೊಂಡಿತು. ಅದರ ಬಾಲಕ್ಕೆ ಇನ್ನೊಂದು.

"ಸಾರ್!" ಅಂತ ಇಬ್ಬರೂ ಒಟ್ಟಿಗೇ ಕಿರುಚಿದರು.

ಮೇಷ್ಟ್ರು ಪಟ್ಟಿಗೆ ದಾರ ಕಟ್ಟಿ ಕಿಟಕಿಯ ಸರಳಿನಿಂದ ದೂರ ತೂಗುಬಿಟ್ಟರು. ಅದು ಸುತ್ತಿತು, ಹಿಂದೆ ಬಂತು, ನಿಧಾನಕ್ಕೆ ನಿಂತಿತು. 'ಉ' ಕೊರೆದ ತುದಿ ತೋರಿಸುತ್ತಿದ್ದದ್ದು ದಕ್ಷಿಣ.

"ಉಲ್ಟಾ!" ಅಂದಳು ಚಂದ್ರಮತಿ. "ಅಜ್ಜ ಬರೆದಿದ್ದು ಸುಳ್ಳಾಯ್ತು."

ಪುಷ್ಪ ಮೇಷ್ಟ್ರ ಕಡೆ ನೋಡಿದಳು. "ಸಾರ್, ಸ್ಟೇಷನ್ನಿನ ಯಂತ್ರದಲ್ಲಿ ಆ ಕಡೆಯಿಂದ ಕರೆಂಟು ಬಂದ್ರೆ ಮುಳ್ಳು ಒಂದು ಕಡೆ ವಾಲುತ್ತೆ, ಈ ಕಡೆಯಿಂದ ಕಳಿಸಿದ್ರೆ ಇನ್ನೊಂದು ಕಡೆ. ನಾವೂ ತಂತಿಯ ತುದಿಗಳನ್ನ ಅದಲು ಬದಲು ಮಾಡಿದ್ರೆ?"

ಮೇಷ್ಟ್ರು ನಕ್ಕು ಪಟ್ಟಿಯನ್ನು ಮತ್ತೆ ಸುರುಳಿಯೊಳಗೆ ತೂರಿಸಿದರು. "ಮಾಡು."

ಪುಷ್ಪ ತಂತಿಯ ತುದಿಗಳನ್ನು ಎತ್ತಿಕೊಂಡಳು. ಆದರೆ ಮುಟ್ಟಿಸಲಿಲ್ಲ. ಚಂದ್ರಮತಿಯ ಕಡೆ ಚಾಚಿದಳು. ಚಂದ್ರಮತಿ ಅವನ್ನು ತೆಗೆದುಕೊಂಡಳು. ಬಲದ್ದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಹಿಡಿದು ಸೆಲ್ಲಿಗೆ ಒತ್ತಿದಳು. ಪುಷ್ಪ ರೂಲುದೊಣ್ಣೆಯಿಂದ ತಟ್ಟಿದಳು.

ಮತ್ತೆ ತೂಗುಬಿಟ್ಟಾಗ 'ಉ' ಮೆಲ್ಲಗೆ ತಿರುಗಿ ಉತ್ತರಕ್ಕೆ ನಿಂತಿತು.

ಚಂದ್ರಮತಿ ಅದನ್ನು ದಾರದಿಂದ ಬಿಡಿಸಿಕೊಂಡು ಮೇಜಿನ ಮೇಲಿದ್ದ ಬೀಗದ ಕೈಗೆ ಹಿಡಿದಳು. ಬೀಗದ ಕೈ ಒಂದು ತುದಿ ಎತ್ತಿ ಟಪ್ ಅಂತ ಬಿತ್ತು.

"ಮೊದಲು ಗೊಂಚಲನ್ನೇ ಎತ್ತುತ್ತಿತ್ತು," ಅಂದಳು.

"ಮೊದಲಿನ ಶಕ್ತಿ ಬರೋದಕ್ಕೆ ನಮ್ಮ ಸೆಲ್ಲು ಸಾಲದಮ್ಮ," ಅಂದರು ಮೇಷ್ಟ್ರು. "ಸದ್ಯಕ್ಕೆ ಇಷ್ಟು."

ಚಂದ್ರಮತಿ ಅದನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಕೋಪ ಹೋಗಿದೆಯೋ ಇಲ್ಲವೋ ಅವಳ ಮುಖದಲ್ಲಿ ಗೊತ್ತಾಗಲಿಲ್ಲ.

ಪೇಟೆಗೆ ಹೋಗುವವರು ರೈಲ್ವೆ ಗೇಟು ದಾಟಬೇಕು. ಪುಷ್ಪಳ ಮನೆಗೂ ಅದೇ ದಾರಿ. ಇಬ್ಬರೂ ಒಂದೇ ರಸ್ತೆಯಲ್ಲಿ, ಒಬ್ಬಳು ಆ ಅಂಚಿಗೆ, ಒಬ್ಬಳು ಈ ಅಂಚಿಗೆ ನಡೆದರು. ಗೇಟು ಹಾಕಿತ್ತು. ಒಂದು ಎತ್ತಿನ ಗಾಡಿ, ಹಾಲಿನ ಕ್ಯಾನು ಕಟ್ಟಿದ ಒಂದು ಸೈಕಲ್ಲು ಆಗಲೇ ನಿಂತಿದ್ದವು. ಅವುಗಳ ಸಂದಿಯಲ್ಲಿ ಇಬ್ಬರೂ ಪಕ್ಕಪಕ್ಕ ನಿಲ್ಲಬೇಕಾಯಿತು.

ಗಾಡಿ ಕೂಗುತ್ತ ಬಂತು. ಲೈನಿನ ಆಚೆ ಅಪ್ಪ ಹಸಿರು ಬಾವುಟ ಹಿಡಿದು ನಿಂತಿದ್ದರು.

ಹುಟ್ಟಿದಾಗಿನಿಂದ ಪುಷ್ಪ ಈ ಗಾಡಿಯನ್ನು ದಿನಾ ನೋಡಿದ್ದಳು. ಕರೀ ಎಂಜಿನ್ನು, ಹೊಗೆ, ಡಬ್ಬಿ, ಡಬ್ಬಿ, ಡಬ್ಬಿ. ಅವಳಿಗೆ ಅದು ಅಷ್ಟೇ ಆಗಿತ್ತು. ಇವತ್ತು ಅವಳ ಕಣ್ಣು ಕಿಟಕಿಗಳ ಮೇಲೆ ಹೋಯಿತು. ಒಬ್ಬಳು ತಾಯಿ ಕಿಡಿ ತಾಗದ ಹಾಗೆ ಮಗುವಿನ ತಲೆಗೆ ಸೆರಗು ಹೊದಿಸುತ್ತಿದ್ದಳು. ಒಬ್ಬ ಮುದುಕರು ಚೀಲ ತಬ್ಬಿಕೊಂಡು ನಿದ್ದೆ ಹೋಗಿದ್ದರು. ಯಾರೋ ಹಲಸಿನ ಹಪ್ಪಳ ತಿನ್ನುತ್ತಿದ್ದರು. ಹೊಸ ಸೀರೆಯ ಹೆಂಗಸೊಬ್ಬಳು ನಗುತ್ತಿದ್ದಳು. ಕೊನೆಯ ಡಬ್ಬಿಯ ಕಿಟಕಿಯಲ್ಲಿ ಪುಷ್ಪಳಷ್ಟೇ ಇರುವ ಒಬ್ಬಳು ಹುಡುಗಿ ಸರಳಿಗೆ ಗಲ್ಲ ಊರಿ ಕೂತಿದ್ದಳು. ಗೇಟಿನಲ್ಲಿ ನಿಂತವರನ್ನು ಕಂಡು ಕೈ ಹೊರಗೆ ಚಾಚಿ ಬೀಸತೊಡಗಿದಳು.

ನಿನ್ನೆಯ ಗಾಡಿಯಲ್ಲಿ ಯಾರು ಯಾರಿದ್ದರೋ. ಪುಷ್ಪ ನೋಡಿಯೇ ಇರಲಿಲ್ಲ. ಅಪ್ಪ ಮಾತ್ರ ಕಲ್ಲಿನ ಮೇಲೆ ಕೂತುಬಿಟ್ಟಿದ್ದರು.

"ಟಾಟಾ ಮಾಡೇ," ಅಂತ ಪಕ್ಕದಿಂದ ಚಂದ್ರಮತಿಯ ದನಿ ಬಂತು. "ಆ ಹುಡುಗಿ ನಿನಗೇ ಮಾಡ್ತಿದಾಳೆ."

ಪುಷ್ಪಳಿಗೆ ತಕ್ಷಣ ಕೈ ಎತ್ತಲಾಗಲಿಲ್ಲ. ಆಮೇಲೆ ಎತ್ತಿದಳು. ಗಾಡಿ ತಿರುವಿನಲ್ಲಿ ಮರೆಯಾಗಿ, ಹೊಗೆ ಮರಗಳ ಮೇಲೆ ಕರಗಿ, ಗೇಟು ತೆರೆದು ಎತ್ತಿನ ಗಾಡಿ ಹೊರಟರೂ ಅವಳು ಅದನ್ನು ಇಳಿಸಲಿಲ್ಲ.